ಒಂದೇ ಸಲ ಕೇಳುವ ಊರಿನ ಪೋಸ್ತ್ರೆ

ಇಂದಿರಾನಗರ

ನನ್ನ ಸ್ಪೇನ್ ಪ್ರವಾಸ ಇಂದಿರಾನಗರದ ಒಂದು ಕಾಫಿ ಅಂಗಡಿಯ ಮಹಡಿಯಲ್ಲಿ ಶುರುವಾಯಿತು. ಕೆಳಗೆ ಒಂದು ಲೋಟ ಕಾಫಿ ಮುಂದಿಟ್ಟುಕೊಂಡು ಜನ ಮೂರು ಗಂಟೆ ಲ್ಯಾಪ್‌ಟಾಪ್ ಕುಟ್ಟುತ್ತಿದ್ದರೆ, ಮೇಲೆ ಪ್ರತಿ ಶನಿವಾರ ಸ್ಪ್ಯಾನಿಷ್ ತರಗತಿ. ಹನ್ನೊಂದು ಜನ ಕಲಿಯುವವರು. ಹತ್ತು ಜನಕ್ಕೆ ಮೂವತ್ತೂ ದಾಟಿರಲಿಲ್ಲ. ಹನ್ನೊಂದನೆಯವಳು ನಾನು, ದೂರವಾಣಿ ಕಚೇರಿಯಲ್ಲಿ ಮೂವತ್ತೈದು ವರ್ಷ ಕಿವಿ ಸವೆಸಿ ನಿವೃತ್ತಳಾದ, ಅರವತ್ತೆರಡರ, ಹಲಸೂರಿನ ಸರೋಜಾ. ಯಾಕೆ ಕಲಿಯುತ್ತಿದ್ದೀರಿ ಎಂದು ಮೊದಲ ದಿನ ಮೇಷ್ಟ್ರು ಕೇಳಿದಾಗ ಒಬ್ಬ ಹುಡುಗ ಆ ಭಾಷೆಯ ‘ವೈಬ್’ ಇಷ್ಟ ಎಂದ. ಇನ್ನೊಬ್ಬಳಿಗೆ ಅವಳ ನಾಯಿಗೆ ಸ್ಪ್ಯಾನಿಷ್ ಹೆಸರಿಟ್ಟಿರುವುದೇ ಕಾರಣ. ಹಲಸೂರಿನಲ್ಲಿ ಹುಟ್ಟಿ ಕನ್ನಡ, ತಮಿಳು, ದಖನಿ ಮೂರನ್ನೂ ಬೀದಿಯಲ್ಲೇ ಪುಕ್ಕಟೆ ಕಲಿತವಳಿಗೆ ಇವರ ಮಧ್ಯೆ ಪೆನ್ಸಿಲ್ ಹಿಡಿದು ಕೂರುವುದು ಎಂಥ ಗ್ರಹಚಾರ ಅನ್ನಿಸಿತು.

ನನಗಾದರೆ ಕಾರಣವಿತ್ತು. ನನ್ನ ಅಕ್ಕ ವಿಮಲಳ ಒಬ್ಬಳೇ ಮಗಳು ಮೇಘನಾ ಎಂಟು ವರ್ಷದಿಂದ ಸ್ಪೇನಿನ ಬುರ್ಗೋಸ್ ಎಂಬ ಊರಿನಲ್ಲಿದ್ದಾಳೆ. ಲಕ್ಷಾಂತರ ವರ್ಷ ಹಳೆಯ ಮನುಷ್ಯರ ಹಲ್ಲುಗಳನ್ನು ಮಣ್ಣಿನಿಂದ ಬಿಡಿಸಿ, ಉಜ್ಜಿ, ಅವರು ಏನು ತಿಂದಿದ್ದರು ಎಂದು ಪತ್ತೆ ಮಾಡುವುದು ಅವಳ ಕೆಲಸ. ಅಲ್ಲೇ ಜೊತೆಯಲ್ಲಿ ಅಗೆಯುವ ಅಲ್ವಾರೋ ಎಂಬ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ಅಕ್ಕ ಕೂಗಾಡಲಿಲ್ಲ. ‘ಮನೆ ನೋಡ್ಬೇಕು, ಜನ ನೋಡ್ಬೇಕು, ಅವರ ಮನೇಲಿ ಊಟ ಮಾಡ್ಬೇಕು. ಆಮೇಲೆ ಹೇಳ್ತೀನಿ’ ಎಂದಳಷ್ಟೇ. ಭಾವ ತೀರಿಕೊಂಡು ಬಹಳ ವರ್ಷವಾಯಿತು. ಹಾಗಾಗಿ ಜೊತೆಗೆ ಹೋಗಿ ಅಕ್ಕನ ಪರವಾಗಿ ಮಾತಾಡುವ ಬಾಯಿ ನಾನೇ ಎಂದು ತೀರ್ಮಾನವಾಯಿತು.

ನಮ್ಮ ಮನೆತನದ ಎರಡು ಪದ್ಧತಿಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಅಪ್ಪ ಗದಗಿನ ಕಡೆಯಿಂದ ಬಂದು ಹಲಸೂರಿನಲ್ಲಿ ನಿಂತವರು. ಸಂಬಂಧ ನೋಡಲು ಹೋದಾಗ ಒಪ್ಪಿಗೆಯಾದರೆ ಆ ಮನೆಯಲ್ಲಿ ಸಿಹಿ ತಿಂದು ಏಳುವುದು, ಒಪ್ಪಿಗೆಯಿಲ್ಲದಿದ್ದರೆ ಏನೋ ನೆಪ ಹೇಳಿ ಸಿಹಿ ಮುಟ್ಟದೆ ಬರುವುದು, ಇದು ಮೊದಲನೆಯದು. ಎರಡನೆಯದು, ಯಾರ ಮನೆಯಲ್ಲೇ ಆಗಲಿ ಏನೇ ಬಡಿಸಲು ಬಂದರೂ ಮೊದಲ ಸಲ ಬೇಡ ಎನ್ನಬೇಕು. ಎರಡನೇ ಸಲ ‘ಅಯ್ಯೋ, ಸಾಕು’ ಎನ್ನಬೇಕು. ಮೂರನೇ ಸಲಕ್ಕೆ ಎಲೆಗೆ ಅಡ್ಡ ಹಿಡಿದ ಕೈ ತಾನಾಗಿ ಸರಿಯಬೇಕು. ಮೂರು ಸಲ ಕೇಳಿದ ಮೇಲೂ ಬೇಡ ಎಂದರೆ ಮಾತ್ರ ಅದು ಬೇಡ. ಅಪ್ಪ ಬಡಿಸಲು ನಿಂತರೆ ಹೋಳಿಗೆ ತಿನ್ನದೆ ಯಾರೂ ಎದ್ದದ್ದಿಲ್ಲ.

ನಮ್ಮ ಸ್ಪ್ಯಾನಿಷ್ ಮೇಷ್ಟ್ರು ರೆಹಾನ್, ಪುಲಿಕೇಶಿನಗರದ ಹುಡುಗ, ಎರಡು ವರ್ಷ ಮ್ಯಾಡ್ರಿಡ್‌ನಲ್ಲಿ ಓದಿ ಬಂದವನು. ನಾಲ್ಕನೇ ಶನಿವಾರ ಬೋರ್ಡಿನ ಮೇಲೆ ಊಟದ ಪದಗಳನ್ನು ಬರೆದ. ಕೊನೆಯ ಪದ ‘ಪೋಸ್ತ್ರೆ’. ಊಟದ ಕೊನೆಗೆ ಬರುವ ಸಿಹಿ. ‘ಕೆ ಆಯ್ ದೆ ಪೋಸ್ತ್ರೆ?’ ಎಂದರೆ ಕೊನೆಗೆ ಸಿಹಿ ಏನಿದೆ ಎಂದು ಕೇಳಿದಂತೆ. ಹತ್ತೂ ಜನ ಒಟ್ಟಿಗೆ ಹೇಳಿದರು. ನಾನು ಮೂಗು ಮುರಿದೆ. ನಮ್ಮಲ್ಲಿ ಪಾಯಸ ಎಲೆಯ ತುದಿಗೆ ಮೊದಲು ಬೀಳುತ್ತದೆ, ಅದನ್ನು ಕೊನೆಯವರೆಗೆ ಬಚ್ಚಿಡುವುದು ಯಾವ ನ್ಯಾಯ? ಅದಕ್ಕಿಂತ ಹೆಚ್ಚಾಗಿ, ಇನ್ನೊಬ್ಬರ ಮನೆಯಲ್ಲಿ ಕೂತು ಸಿಹಿ ಏನಿದೆ ಎಂದು ಬಾಯಿಬಿಟ್ಟು ಕೇಳುವುದೇ? ಅಪ್ಪ ಬದುಕಿದ್ದರೆ ಈ ವಾಕ್ಯ ಕಲಿಸಿದ್ದಕ್ಕೇ ಮೇಷ್ಟ್ರನ್ನು ಮೆಟ್ಟಿಲಿಳಿಸಿ ಕಳಿಸುತ್ತಿದ್ದರು ಎಂದು ನಾನು ಎದ್ದು ನಿಂತೇ ಹೇಳಿದೆ.

ರೆಹಾನ್ ನಗಲಿಲ್ಲ. ‘ಆಂಟಿ, ಇದೊಂದು ಬಾಯಿಪಾಠ ಮಾಡ್ಕೊಳಿ. ಅಲ್ಲಿ ಒಂದೇ ಸಲ ಕೇಳ್ತಾರೆ. ನೋ ಅಂದ್ರೆ ನೋ ಅಂತಾನೇ ತಿಳ್ಕೋತಾರೆ. ನಮ್ಮನೇ ದಾವತ್ ಥರ ಅಂದ್ಕೊಂಡು ಹೋದ್ರೆ ಉಪವಾಸ ಬರ್ತೀರ’ ಎಂದ. ಮೊದಲ ತಿಂಗಳು ಅವನ ಮನೆ ಮಾಲೀಕಿ ಕೇಳಿದಾಗಲೆಲ್ಲ ಸಂಕೋಚಕ್ಕೆ ಬೇಡ ಎಂದು ಇವನು ಐದು ಕಿಲೋ ಇಳಿದಿದ್ದನಂತೆ. ಶಿವಾಜಿನಗರದ ಅವನ ಅಜ್ಜಿ ಫೋನಿನಲ್ಲಿ ಅವನ ಮುಖ ನೋಡಿ ಅತ್ತಿದ್ದರಂತೆ. ನಾನು ಆ ಕಥೆಯನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟೆ.

ಮ್ಯಾಡ್ರಿಡ್

ಮೇಘನಾ ಮ್ಯಾಡ್ರಿಡ್ಡಿಗೇ ಬಂದು ನಮ್ಮನ್ನು ಎದುರುಗೊಂಡಳು. ಊರು ದೊಡ್ಡದು, ಕಟ್ಟಡಗಳು ಚೆನ್ನಾಗಿವೆ, ಅದನ್ನು ಫೋಟೋದಲ್ಲೂ ನೋಡಬಹುದು. ಜನ ಹೇಗಿದ್ದಾರೆ ಎಂದರೆ, ಮಧ್ಯಾಹ್ನ ಒಂದು ಗಂಟೆಗೆ ಹಸಿವು ಎಂದು ಹೋಟೆಲಿಗೆ ಹೋದರೆ ಎರಡಕ್ಕೆ ಬನ್ನಿ ಎನ್ನುತ್ತಾರೆ. ಎರಡಕ್ಕೆ ಹೋದರೆ ನಾಲ್ಕರವರೆಗೆ ಏಳುವುದಿಲ್ಲ. ಎದ್ದ ಮೇಲೆ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ. ಒಂದು ದೇಶ ಹೀಗೆ ಹೊತ್ತುಗೊತ್ತಿಲ್ಲದೆ ಉಂಡು ಮಲಗಿ ಇನ್ನೂ ನಡೆಯುತ್ತಿದೆಯಲ್ಲ ಎಂದು ನನಗೆ ಆಶ್ಚರ್ಯ.

ಮಾಂಸ ಬೇಡ ಎಂದು ಮೇಘನಾ ನಾಲ್ಕು ಸಲ ಹೇಳಿದ ಮೇಲೂ ಸೊಪ್ಪು ತರಕಾರಿಯ ತಟ್ಟೆಯ ಮೇಲೆ ಮೀನಿನ ಚೂರು ಹರಡಿ ತಂದರು. ಅದು ಮೀನು, ಮಾಂಸವಲ್ಲ ಎಂದು ಬಡಿಸುವವನು ನಮಗೇ ಪಾಠ ಹೇಳಿದ. ಅಕ್ಕ ಬ್ರೆಡ್ ತಿಂದು ನೀರು ಕುಡಿದಳು. ಊಟ ಮುಗಿಯುತ್ತಿದ್ದಂತೆ ಅವನು ‘ಪೋಸ್ತ್ರೆ?’ ಎಂದ. ಇಷ್ಟು ದಿನ ಕಲಿತದ್ದಕ್ಕೆ ಒಂದು ಪದವಾದರೂ ದಕ್ಕಿತು ಎಂದು ಹಿಗ್ಗಿ, ಹೋಟೆಲಿನಲ್ಲಿ ಸಂಕೋಚವೇನು ಎಂದು, ‘ಸೀ, ಪೋಸ್ತ್ರೆ’ ಎಂದು ತಲೆಯಾಡಿಸಿದೆ. ಅಕ್ಕನ ಮುಂದೆ ತಟ್ಟೆಯ ಮೇಲೆ ಒಂದು ಇಡೀ ಕಿತ್ತಳೆಹಣ್ಣು, ಜೊತೆಗೆ ಚಾಕು ಮತ್ತು ಮುಳ್ಳುಚಮಚ ಬಂತು. ನನ್ನ ಮುಂದೆ ಅಂಗಡಿಯ ಪ್ಲಾಸ್ಟಿಕ್ ಡಬ್ಬಿಯಲ್ಲೇ ಮೊಸರು, ಮುಚ್ಚಳವನ್ನೂ ತೆಗೆದಿರಲಿಲ್ಲ.

‘ಇದೇನೇ, ಸಿಹಿ ಅಂದ್ಯಲ್ಲ?’ ಎಂದಳು ಅಕ್ಕ.

ಇಲ್ಲಿ ಹಣ್ಣು, ಮೊಸರು, ಚೀಸು, ಊಟದ ಕೊನೆಗೆ ಬಂದದ್ದೆಲ್ಲ ಪೋಸ್ತ್ರೆಯೇ ಎಂದು ಮೇಘನಾ ವಿವರಿಸಿದಳು. ನಾನು ಆ ಮೊಸರಿಗೆ ಸಕ್ಕರೆಯೂ ಇಲ್ಲ, ಉಪ್ಪೂ ಇಲ್ಲ ಎಂದು ಗೊಣಗುತ್ತ ಬಳಿದು ತಿಂದೆ. ನಾವೂ ದಿನಾ ಮೊಸರಲ್ಲೇ ಊಟ ಮುಗಿಸುವವರು ಎಂಬುದು ಆಗ ತಲೆಗೆ ಬಂತು, ಆದರೆ ಹೇಳಲಿಲ್ಲ.

ಬುರ್ಗೋಸ್, ಭಾನುವಾರ

ಅಲ್ವಾರೋನ ತಾಯಿ ಪಿಲಾರ್ ನಮ್ಮ ವಯಸ್ಸಿನ ಹೆಂಗಸು. ಗಂಡ ಇಲ್ಲ. ಮೂರನೇ ಮಹಡಿಯ ಚಿಕ್ಕ ಮನೆಯಲ್ಲಿ ಮಗನ ಜೊತೆ ಇದ್ದಾಳೆ. ಬಾಗಿಲು ತೆರೆದವಳೇ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ಅಕ್ಕ ಮರದ ಹಾಗೆ ನಿಂತಳು. ಚಪ್ಪಲಿ ಬಿಡಲು ನಾವು ಬಗ್ಗಿದರೆ ಬೇಡ ಎಂದು ತಡೆದಳು. ನೆಲ ನಮ್ಮ ಮನೆಗಿಂತ ಚೊಕ್ಕಟವಾಗಿತ್ತು, ಅದರ ಮೇಲೆ ಬೀದಿಯ ಚಪ್ಪಲಿಯಲ್ಲಿ ನಡೆಸಿದಳು. ಇಂಥ ಮನೆಗೆ ಹುಡುಗಿ ಕೊಡುವುದು ಹೇಗೆ ಎಂದು ನಾನು ಅಕ್ಕನ ಮುಖ ನೋಡಿದೆ. ಅಕ್ಕ ಕಿಟಕಿಯ ಕುಂಡದಲ್ಲಿದ್ದ ಗಿಡ ನೋಡುತ್ತಿದ್ದಳು.

ಅಲ್ವಾರೋ ಉದ್ದ ಕೂದಲಿನ ಹುಡುಗ, ಉಗುರಿನ ಸಂದಿಯಲ್ಲಿ ಮಣ್ಣು. ಕನ್ನಡದಲ್ಲಿ ‘ನಮಸ್ಕಾರ ಅಮ್ಮ, ಕೂತ್ಕೊಳಿ’ ಎಂದ. ಅಷ್ಟನ್ನು ಹೇಳಲು ಬೆವೆತುಹೋದ. ಪಿಲಾರ್ ನಮಗಾಗಿ ಮಾಂಸ ಮುಟ್ಟದೆ ಅಡಿಗೆ ಮಾಡಿದ್ದಳು. ಪಾಲಕ್ ಹಾಕಿದ ಕಡಲೆಕಾಳು, ಸುಟ್ಟ ಕೆಂಪು ದಪ್ಪಮೆಣಸಿನಕಾಯಿ, ಬ್ರೆಡ್. ಉಪ್ಪು ಸಪ್ಪೆ, ಖಾರದ ಮಾತೇ ಇಲ್ಲ. ಆದರೆ ಅಕ್ಕ ಕಾಳನ್ನು ಎರಡನೇ ಸಲ ಬಡಿಸಿಕೊಂಡಳು. ಅಂದರೆ ಅಲ್ವಾರೋ ಕೇಳದೆಯೇ ಸೌಟಿನಿಂದ ಸುರಿದುಬಿಟ್ಟ. ಅಕ್ಕನ ತುಟಿಯ ಕೊನೆಯಲ್ಲಿ ನಗು ಕಂಡಿತು. ಅರವತ್ತು ವರ್ಷದಿಂದ ಆ ತುಟಿ ನೋಡಿದ್ದೇನೆ. ಅಕ್ಕ ಒಪ್ಪಿದ್ದಾಳೆ ಎಂದು ನನಗೆ ಗೊತ್ತಾಗಿಹೋಯಿತು.

ಆಗ ಪಿಲಾರ್ ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಐದು ಬಟ್ಟಲು ಇಟ್ಟುಕೊಂಡು ಬಂದಳು. ಅಕ್ಕಿ ಪಾಯಸ! ಹಾಲಿನಲ್ಲಿ ಬೇಯಿಸಿದ ಅನ್ನ, ಸಕ್ಕರೆ, ಮೇಲೆ ದಾಲ್ಚಿನ್ನಿ ಪುಡಿ. ಫ್ರಿಜ್ಜಿನಿಂದ ತೆಗೆದದ್ದರಿಂದ ಬಟ್ಟಲಿನ ಮೇಲೆ ಬೆವರು ಕೂತಿತ್ತು. ಅಕ್ಕನ ಮುಂದೆ ಬಗ್ಗಿ, ಬಹಳ ಮೆಲ್ಲಗೆ, ‘ಪೋಸ್ತ್ರೆ?’ ಎಂದಳು.

ಅಕ್ಕ ಕೈ ಅಡ್ಡ ಹಿಡಿದು, ಬೇಡ ಬೇಡ ಎಂದು ತಲೆ ಅಲ್ಲಾಡಿಸಿದಳು.

ಪಿಲಾರ್ ನನ್ನ ಕಡೆ ತಿರುಗಿದಳು. ತಿಂಗಳುಗಟ್ಟಲೆ ಕಲಿತ ನಾನು, ರೆಹಾನ್ ಅಷ್ಟು ಹೇಳಿದ ಮೇಲೂ, ಬಾಯಿಗೆ ತಾನಾಗಿ ಬಂದ ಹಾಗೆ ‘ನೋ, ಗ್ರಾಸಿಯಾಸ್’ ಎಂದೆ. ಅಕ್ಕ ಬೇಡ ಎಂದ ಮನೆಯಲ್ಲಿ ತಂಗಿ ಬೇಕು ಎನ್ನುವುದುಂಟೇ?

ಪಿಲಾರ್ ಆ ಐದೂ ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದಳು. ಫ್ರಿಜ್ಜಿನ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಮೇಘನಾಳ ಮುಖ ಬಿಳಿಚಿಕೊಂಡಿತು. ಅಲ್ವಾರೋ ಮೇಜಿನ ಮೇಲೆ ಬಿದ್ದ ಬ್ರೆಡ್ಡಿನ ಪುಡಿ ಒಂದೊಂದೇ ಹೆಕ್ಕತೊಡಗಿದ. ಅಕ್ಕ ಅಡಿಗೆಮನೆಯ ಬಾಗಿಲನ್ನೇ ನೋಡುತ್ತಿದ್ದಳು, ಎರಡನೇ ಸಲ ಬರುತ್ತಾಳೆ ಎಂದು. ಯಾರೂ ಬರಲಿಲ್ಲ.

ಬುರ್ಗೋಸ್, ನದಿ ದಂಡೆ

ಸಂಜೆ ನದಿಯ ಪಕ್ಕ ನಡೆಯಲು ಹೋದೆವು. ಹಲಸೂರು ಕೆರೆಯಷ್ಟೂ ನೀರಿಲ್ಲದ ಒಂದು ತೊರೆ, ಅದಕ್ಕೆ ಇಷ್ಟುದ್ದ ತೋಟ, ಬೆಂಚು, ಸೇತುವೆ ಎಲ್ಲ ಕಟ್ಟಿದ್ದಾರೆ. ಮೇಘನಾ ಮುಂದೆ ಒಬ್ಬಳೇ ಹೋಗುತ್ತಿದ್ದಳು. ಅಕ್ಕ ಬೆಂಚಿನ ಮೇಲೆ ಕೂತು ಬುಸುಗುಟ್ಟಿದಳು.

‘ನಮ್ಮ ಬೀದಿ ನಾಯಿಗೂ ಎರಡು ಸಲ ಕರೆದು ಹಾಕ್ತೀವಿ. ಒಂದ್ಸಲ ಕೇಳಿ ತಟ್ಟೆ ಎತ್ಕೊಂಡ್ ಹೋದ್ಲಲ್ಲ! ಇಷ್ಟು ಒಣಕಲು ಜನದ ಮಧ್ಯೆ ನನ್ನ ಮಗಳು ಬಾಳ್ಬೇಕಾ? ಬೇಡ, ಈ ಸಂಬಂಧ ಬೇಡ.’

ಇಲ್ಲಿನವರು ಕೇಳುವುದೇ ಒಂದು ಸಲ ಎಂದು ನಾನು ಹೇಳಿದೆ. ಹಾಗಾದರೆ ನಿನ್ನನ್ನು ಕರೆತಂದದ್ದು ಯಾಕೆ, ಆಗಲೇ ಬಾಯಿಬಿಡಲು ನಿನಗೇನಾಗಿತ್ತು ಎಂದು ಅಕ್ಕ ತಿರುಗಿಬಿದ್ದಳು.

ನಾನು ಮೇಘನಾಳ ಹಿಂದೆ ಓಡಿದೆ. ಅವಳು ಸೇತುವೆಯ ಕಂಬಿ ಹಿಡಿದು ನಿಂತಿದ್ದಳು. ನಡೆದದ್ದು ಏನೆಂದು ಅವಳ ಬಾಯಿಂದ ಆಗ ಹೊರಬಂತು. ನಮ್ಮ ಮನೆಯ ಪದ್ಧತಿಯನ್ನು ಅವಳು ಪಿಲಾರ್‌ಗೆ ಮೊದಲೇ ಹೇಳಿದ್ದಳು. ಅಮ್ಮ ನಿಮ್ಮ ಮನೆಯಲ್ಲಿ ಸಿಹಿ ತಿಂದರೆ ಒಪ್ಪಿಗೆ, ತಿನ್ನದಿದ್ದರೆ ಇಲ್ಲ ಎಂದು. ಅದಕ್ಕಾಗಿ ಆ ಹೆಂಗಸು ಬೆಳಿಗ್ಗೆಯೆಲ್ಲ ಒಲೆಯ ಮುಂದೆ ನಿಂತು ಹಾಲು ತಿರುವಿದ್ದಳಂತೆ. ಅಕ್ಕ ಬೇಡ ಎಂದಾಗ, ತಾಯಿಯೊಬ್ಬಳು ಯೋಚಿಸಿ ಹೇಳಿದ ಮಾತು, ಒತ್ತಾಯ ಮಾಡುವುದು ಮರ್ಯಾದೆಯಲ್ಲ ಎಂದು ಸುಮ್ಮನೆ ಬಟ್ಟಲು ಎತ್ತಿಕೊಂಡು ಹೋದಳಂತೆ.

ಲಕ್ಷ ವರ್ಷದ ಹಿಂದಿನವನ ಹಲ್ಲು ನೋಡಿ ಅವನು ಏನು ತಿಂದ ಎಂದು ಹೇಳುವ ಹುಡುಗಿಗೆ ಹೆತ್ತ ತಾಯಿಯ ‘ಬೇಡ’ ಯಾವುದು ಎಂದು ತಿಳಿಯಲಿಲ್ಲ. ಎಂಟು ವರ್ಷ ಹೊರಗಿದ್ದದ್ದಕ್ಕೆ ಇದು ಫಲ. ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಹೇಳಿದಳು.

‘ಹೋಗ್ಲಿ ಬಿಡು ಚಿಕ್ಕಮ್ಮ. ಅಮ್ಮಂಗೆ ಬೇಡ ಅಂದ್ರೆ ನಂಗೂ ಬೇಡ.’

ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು. ಅದು ನನ್ನದೇ.

ಆಗ ನನಗೆ ಇಪ್ಪತ್ತಾರು. ಕೆ.ಆರ್. ಪುರದಿಂದ ಒಬ್ಬ ಹುಡುಗ ತಾಯಿಯ ಜೊತೆ ನನ್ನನ್ನು ನೋಡಲು ಹಲಸೂರಿಗೆ ಬಂದಿದ್ದ, ಶಾಲಾ ಮೇಷ್ಟ್ರು. ಎಲ್ಲರೂ ಹಾಡು ಬರುತ್ತಾ, ಅಡಿಗೆ ಬರುತ್ತಾ ಎಂದು ಕೇಳಿದರೆ ಅವನು, ಫೋನಿನಲ್ಲಿ ಬೈಯುವವರಿಗೆ ನೀವು ಏನು ಹೇಳುತ್ತೀರಿ ಎಂದು ಕೇಳಿದ. ನಾನು ನಕ್ಕುಬಿಟ್ಟೆ. ಅವರು ಹೋದ ಮೇಲೆ ಅಪ್ಪ ನಡುಮನೆಯಲ್ಲಿ ಕೇಳಿದರು, ಏನಮ್ಮಾ, ಹುಡುಗ ಆಗಬಹುದಾ ಎಂದು. ‘ಬೇಡಪ್ಪ’ ಎಂದೆ. ಒಳ್ಳೆಯ ಮನೆಯ ಹುಡುಗಿ ಮೊದಲ ಸಲಕ್ಕೇ ಹ್ಞೂಂ ಎನ್ನುತ್ತಾಳೆಯೇ? ನಾಳೆ ಕೇಳುತ್ತಾರೆ, ನಾಡಿದ್ದು ಕೇಳುತ್ತಾರೆ ಎಂದು ಕಾದೆ. ಅಪ್ಪ ಮಗಳ ಮಾತಿಗೆ ಬೆಲೆ ಕೊಟ್ಟರು. ವಾರ ಕಳೆದ ಮೇಲೆ ಬೇಡವೆಂದು ಕಾಗದ ಬರೆದು ಕಳಿಸಿದರು. ಹೋಳಿಗೆಗೆ ಮೂರು ಸಲ ಕೇಳುತ್ತಿದ್ದ ಅಪ್ಪ, ಅದೊಂದನ್ನು ಒಂದೇ ಸಲ ಕೇಳಿದರು. ಆಮೇಲೆ ಬಂದ ಹುಡುಗರಿಗೆಲ್ಲ ನಾನು ಬೇಡ ಎಂದದ್ದು ನಿಜವಾದ ಬೇಡ. ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ, ಅಕ್ಕನಿಗೂ.

‘ಬೇಡ್ವಾ?’ ಎಂದು ಮೇಘನಾಳನ್ನು ಕೇಳಿದೆ.

‘ಬೇಡ.’

‘ನಿಜವಾಗ್ಲೂ ಬೇಡ್ವಾ?’

ಅವಳು ನೀರು ನೋಡುತ್ತ ನಿಂತಳು. ಮೂರನೇ ಸಲ ಕೇಳಿದಾಗ ನನ್ನ ಹೆಗಲ ಮೇಲೆ ಮುಖವಿಟ್ಟು ಅಳತೊಡಗಿದಳು.

ವಾಪಸು ಬಂದು ಅಕ್ಕನಿಗೆ ಪಿಲಾರ್ ಯಾಕೆ ಒತ್ತಾಯ ಮಾಡಲಿಲ್ಲ ಎಂಬುದನ್ನು ಬಿಡಿಸಿ ಹೇಳಿದೆ. ಅಕ್ಕನ ಮುಖ ಇಳಿಯಿತು, ಹಟ ಇಳಿಯಲಿಲ್ಲ. ‘ಈಗ ನಾನಾಗಿ ಹೋಗಿ ಸಿಹಿ ಕೊಡಿ ಅಂತ ಕೇಳ್ಲಾ? ಬೀಗರ ಮನೇಲಿ? ಪ್ರಾಣ ಹೋದ್ರೂ ಕೇಳಲ್ಲ’ ಎಂದಳು. ಅವಳು ಕೇಳುವವಳಲ್ಲ ಎಂದು ನನಗೂ ಗೊತ್ತಿತ್ತು.

ಬುರ್ಗೋಸ್, ಸೋಮವಾರ

ಮಂಗಳವಾರ ನಮಗೆ ವಿಮಾನ. ಹೋಗಿಬರುತ್ತೇವೆ ಎಂದು ಹೇಳದೆ ಊರು ಬಿಡುವುದು ನಮ್ಮ ಮನೆತನದಲ್ಲಿಲ್ಲ ಎಂದು ಅಕ್ಕನನ್ನು ಎಬ್ಬಿಸಿಕೊಂಡು ಸೋಮವಾರ ಮಧ್ಯಾಹ್ನ ಮತ್ತೆ ಮೂರು ಮಹಡಿ ಹತ್ತಿದೆ. ಲಿಫ್ಟು ಕೆಟ್ಟಿತ್ತು. ಕೆಟ್ಟರೆ ಬಂದು ರಿಪೇರಿ ಮಾಡುವವನೂ ಈ ಹೊತ್ತಿನಲ್ಲಿ ಮಲಗಿರುತ್ತಾನೆ.

ಪಿಲಾರ್ ಮತ್ತೆ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು, ಈ ಸಲ ಮೆಲ್ಲಗೆ. ನಾವು ಐದೂ ಜನ ಮೇಜಿನ ಸುತ್ತ ಕೂತೆವು. ಕಾಫಿ ತಂದಿಟ್ಟಳು, ಬಿಸ್ಕತ್ತೂ ಇಡಲಿಲ್ಲ. ಸಿಹಿ ಎಂದರೆ ಏನು ಎಂದು ಅವಳಿಗೆ ಗೊತ್ತಿತ್ತಲ್ಲ, ಮತ್ತೆ ನಮ್ಮನ್ನು ಮುಜುಗರಕ್ಕೆ ಸಿಕ್ಕಿಸಬಾರದೆಂದು ಬೇಕೆಂದೇ ಇಟ್ಟಿರಲಿಲ್ಲ. ವಿಮಾನ ಎಷ್ಟು ಹೊತ್ತಿಗೆ ಎಂದು ಕೇಳಿದಳು. ಮೇಘನಾ ಹೇಳಿದಳು. ಅಕ್ಕ ಕಾಫಿ ಮುಗಿಸಿ ಸೆರಗು ಸರಿಮಾಡಿಕೊಂಡಳು, ಏಳುವ ಸೂಚನೆ.

ಅಪ್ಪ ಎದುರಿಗೇ ನಿಂತಿದ್ದಾರೆ ಅನ್ನಿಸಿತು. ಆದರೂ ಕೇಳಿಬಿಟ್ಟೆ.

‘ಕೆ ಆಯ್ ದೆ ಪೋಸ್ತ್ರೆ?’

ಮಧ್ಯಾಹ್ನ ನಾಲ್ಕೂವರೆಗೆ, ಊಟವೇ ಇಲ್ಲದೆ, ಊಟದ ಕೊನೆಗೆ ಸಿಹಿ ಏನಿದೆ ಎಂದು ಕೇಳುವವಳನ್ನು ರೆಹಾನ್ ಖಂಡಿತ ಫೇಲು ಮಾಡುತ್ತಿದ್ದ. ಅಕ್ಕ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದಳು. ಪಿಲಾರ್ ನನ್ನ ಮುಖವನ್ನೇ ನೋಡಿದಳು, ಎದ್ದು ಒಳಗೆ ಹೋದಳು.

ತಂದದ್ದು ನಿನ್ನೆಯ ಅದೇ ಐದು ಬಟ್ಟಲು. ಮೇಲಿನ ದಾಲ್ಚಿನ್ನಿ ಪುಡಿ ನೆಂದು ಕಪ್ಪಗಾಗಿತ್ತು. ಯಾರೂ ಒಂದು ಚಮಚವೂ ತಿಂದಿರಲಿಲ್ಲ, ಮನೆಯವರೂ ಸೇರಿ. ಒಂದನ್ನು ಅಕ್ಕನ ಮುಂದೆ ಹಿಡಿದು, ನಿನ್ನೆಯಷ್ಟೇ ಮೆಲ್ಲಗೆ, ಪೋಸ್ತ್ರೆ ಎಂದಳು. ಅಕ್ಕನ ಕೈ ತಾನಾಗಿ ಅಡ್ಡ ಬಂತು, ಬೇಡ ಎಂದು ತಲೆಯೂ ಆಡಿತು. ಆ ಹಾಳು ಕೈಗೆ ನಿನ್ನೆ ಆದದ್ದು ಸಾಲದು! ಪಿಲಾರ್ ಬಟ್ಟಲು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು.

‘ಓತ್ರಾ ವೆಸ್’ ಎಂದೆ ನಾನು. ಇನ್ನೊಂದು ಸಲ ಕೇಳು ಎಂದರ್ಥ.

ಪಿಲಾರ್ ಮೇಘನಾಳ ಕಡೆ ನೋಡಿದಳು. ಮೇಘನಾ ಹ್ಞೂಂ ಎಂದು ತಲೆಯಾಡಿಸಿದಳು. ಪಿಲಾರ್ ಮತ್ತೆ ಕೇಳಿದಳು. ‘ಅಯ್ಯೋ, ಸಾಕು’ ಎಂದಳು ಅಕ್ಕ, ಪಿಲಾರ್‌ಗೆ ಕನ್ನಡದಲ್ಲಿ. ನಾನು ಮತ್ತೆ ಓತ್ರಾ ವೆಸ್ ಎಂದೆ. ಪಿಲಾರ್ ಮೂರನೇ ಸಲ ಕೇಳಿದಳು. ಅಕ್ಕನ ಕೈ ಬಟ್ಟಲಿನ ಮೇಲಿಂದ ಸರಿಯಿತು. ಚಮಚ ತೆಗೆದುಕೊಂಡು ಒಂದು ತುತ್ತು ತಿಂದಳು, ಇನ್ನೊಂದು ತಿಂದಳು, ಅಲ್ವಾರೋನ ಕಡೆ ನೋಡಿ, ‘ನೀನೂ ತಿನ್ನಪ್ಪ’ ಎಂದಳು. ಅವನಿಗೆ ಆ ಕನ್ನಡ ಅರ್ಥವಾಯಿತೋ ಇಲ್ಲವೋ, ಮೇಘನಾಳ ಕೈ ಹಿಡಿದುಕೊಂಡು ಕಣ್ಣು ಒರೆಸಿಕೊಂಡ.

ಆಮೇಲೆ ಪಿಲಾರ್ ಒಂದು ಬಟ್ಟಲು ಎತ್ತಿ ನನ್ನ ಕಡೆ ತಿರುಗಿದಳು. ಈ ಸಲ ಅವಳೂ ತಯಾರಾಗಿದ್ದಳು. ಮೂರು ಸಲ ಕೇಳಬೇಕು ಎಂದು ಗಟ್ಟಿಯಾಗಿ ಕಾಲೂರಿ ನಿಂತು, ‘ಪೋಸ್ತ್ರೆ?’ ಎಂದಳು.

‘ಬೇಕು’ ಎಂದೆ. ಅರವತ್ತೆರಡು ವರ್ಷದಲ್ಲಿ ಮೊದಲ ಸಲ, ಇನ್ನೊಬ್ಬರ ಮನೆಯಲ್ಲಿ, ಕೇಳಿದ ಮೊದಲ ಸಲಕ್ಕೇ. ಎರಡೂ ಕೈ ಚಾಚಿ ಬಟ್ಟಲು ಇಸಕೊಂಡೆ.

ಪಾಯಸ ತಣ್ಣಗಿತ್ತು. ಏಲಕ್ಕಿಯ ಸುಳಿವಿಲ್ಲ, ಒಂದು ಗೋಡಂಬಿಯೂ ಇಲ್ಲ. ಬಟ್ಟಲು ಬಳಿದು ತಿಂದೆ.